ಚಾಟ್‌ಬಾಟ್ ನೆರವಿನ ಪ್ರಬಂಧ: ವಿದ್ಯಾರ್ಥಿಗಳು ಏನೆನ್ನುತ್ತಾರೆ?

ಅಮೆರಿಕದ ಓಪನ್‌ಎಐ ಸಂಸ್ಥೆ 2022ರ ನವೆಂಬರ್ 30ರಂದು ಚಾಟ್‌ಜಿಪಿಟಿಯನ್ನು ಸಾರ್ವಜನಿಕ ಬಳಕೆಗೆ ಬಿಡುಗಡೆ ಮಾಡಿತು. ಎರಡೇ ವರ್ಷಗಳಲ್ಲಿ ಅದು ವಿದ್ಯಾರ್ಥಿಗಳ ಬರವಣಿಗೆಯ ಮೇಜಿನಲ್ಲಿ ಖಾಯಂ ಸ್ಥಾನ ಪಡೆಯಿತು.

ಬ್ರಿಟನ್ನಿನ ಹೈಯರ್ ಎಜುಕೇಷನ್ ಪಾಲಿಸಿ ಇನ್‌ಸ್ಟಿಟ್ಯೂಟ್ 1,041 ಪದವಿ ವಿದ್ಯಾರ್ಥಿಗಳ ಅಭಿಪ್ರಾಯ ಸಂಗ್ರಹಿಸಿ 2025ರ ಫೆಬ್ರುವರಿಯಲ್ಲಿ ವರದಿ ಪ್ರಕಟಿಸಿತು. ಮೌಲ್ಯಮಾಪನಕ್ಕೆ ಒಳಪಡುವ ಬರವಣಿಗೆಗೆ ಇಂತಹ ತಂತ್ರಾಂಶ ಬಳಸಿದ್ದಾಗಿ ಶೇ 88ರಷ್ಟು ಮಂದಿ ಒಪ್ಪಿಕೊಂಡರು. ಹಿಂದಿನ ವರ್ಷ ಈ ಪ್ರಮಾಣ ಶೇ 53 ಇತ್ತು. ಆದರೆ ಯಂತ್ರ ಬರೆದ ವಾಕ್ಯಗಳನ್ನು ನೇರವಾಗಿ ಸೇರಿಸಿದವರು ಶೇ 18 ಮಾತ್ರ. ಉಳಿದವರಲ್ಲಿ ಹೆಚ್ಚಿನವರು ಪರಿಕಲ್ಪನೆಗಳ ವಿವರಣೆ, ಲೇಖನಗಳ ಸಾರಾಂಶಕ್ಕೆ ಅದನ್ನು ಆಶ್ರಯಿಸಿದ್ದರು. ಸಮಯ ಉಳಿಯುತ್ತದೆ, ಗುಣಮಟ್ಟ ಹೆಚ್ಚುತ್ತದೆ ಎಂಬುದು ಅವರ ಸಮರ್ಥನೆ. ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಕಾಡಿದ್ದು ನಕಲಿನ ಆರೋಪ ಬಂದೀತೆಂಬ ಭಯ.

ಈ ಭಯಕ್ಕೆ ಆಧಾರವಿಲ್ಲದಿಲ್ಲ. ಯಂತ್ರದ ಬರಹವನ್ನು ಯಂತ್ರವೇ ಪತ್ತೆ ಹಚ್ಚಲಿ ಎಂಬ ನಿರೀಕ್ಷೆ ಈಡೇರಿಲ್ಲ. ಸ್ವತಃ ಓಪನ್‌ಎಐ ತನ್ನ ಪತ್ತೆ ತಂತ್ರಾಂಶವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇಂಗ್ಲಿಷ್ ಮಾತೃಭಾಷೆಯಲ್ಲದವರು ಬರೆದ 91 ಟೋಫೆಲ್ ಪ್ರಬಂಧಗಳನ್ನು ಏಳು ಪತ್ತೆ ತಂತ್ರಾಂಶಗಳಿಗೆ ಒಡ್ಡಿದರು. ಸರಾಸರಿ ಶೇ 61ರಷ್ಟು ಪ್ರಬಂಧಗಳಿಗೆ ಯಂತ್ರದ್ದೆಂಬ ಹಣೆಪಟ್ಟಿ ಬಿತ್ತು. ಸರಳ ಪದಗಳು, ಊಹಿಸಬಹುದಾದ ವಾಕ್ಯರಚನೆಯೇ ಇದಕ್ಕೆ ಕಾರಣ. ಕನ್ನಡ ಮಾಧ್ಯಮದಲ್ಲಿ ಓದಿ, ಸ್ನಾತಕೋತ್ತರ ಹಂತದಲ್ಲಿ ಇಂಗ್ಲಿಷ್ ಪ್ರಬಂಧ ಬರೆಯುವ ನಮ್ಮ ವಿದ್ಯಾರ್ಥಿಗಳು ಕಡೆಗಣಿಸುವಂತಹ ಫಲಿತಾಂಶ ಇದಲ್ಲ.

ಭಾರತದಲ್ಲಿ ಯುಜಿಸಿಯ ಕೃತಿಚೌರ್ಯ ತಡೆ ನಿಯಮಾವಳಿ ರೂಪುಗೊಂಡಿದ್ದು 2018ರಲ್ಲಿ, ಅಂದರೆ ಚಾಟ್‌ಜಿಪಿಟಿಗೂ ಮುನ್ನ. ಅದರ ಪ್ರಕಾರ ಶೇ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಶೇ 60 ಮೀರಿದರೆ ಸಂಶೋಧನಾರ್ಥಿಯ ನೋಂದಣಿಯೇ ರದ್ದು. ಚಾಟ್‌ಬಾಟ್ ಹೊಸದಾಗಿ ಹೆಣೆದ ವಾಕ್ಯ ಯಾವ ಗ್ರಂಥಕ್ಕೂ ಹೋಲದಿದ್ದರೆ ಈ ಅಳತೆಗೋಲಿಗೆ ಸಿಗುವುದೇ ಇಲ್ಲ.

ಹರಿಯಾಣದ ಖಾಸಗಿ ವಿಶ್ವವಿದ್ಯಾಲಯವೊಂದು ಉತ್ತರದ ಶೇ 88 ಭಾಗ ಯಂತ್ರದ್ದೆಂದು ಕಾನೂನು ವಿದ್ಯಾರ್ಥಿಯೊಬ್ಬರನ್ನು ಅನುತ್ತೀರ್ಣಗೊಳಿಸಿದಾಗ, ಅವರು 2024ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಮೆಟ್ಟಿಲೇರಿದರು. ಅವರನ್ನು ಉತ್ತೀರ್ಣಗೊಳಿಸಿರುವುದಾಗಿ ವಿಶ್ವವಿದ್ಯಾಲಯ ತಿಳಿಸಿದ್ದರಿಂದ ಅರ್ಜಿ ಇತ್ಯರ್ಥವಾಯಿತು. ಪತ್ತೆ ತಂತ್ರಾಂಶದ ವರದಿಯೊಂದೇ ಸಾಕ್ಷ್ಯವಾಗಬಲ್ಲುದೇ ಎಂಬುದು ಆ ಪ್ರಕರಣದಲ್ಲಿ ತೀರ್ಮಾನವಾಗಲಿಲ್ಲ.