ಸುನೀಲ್ ಕುಮಾರ್ ದೇಸಾಯಿ ಅವರ ಸಸ್ಪೆನ್ಸ್ ಚಿತ್ರಗಳು: ಎರವಲಿನ ವಾದ ಮತ್ತು ಸ್ಥಳದ ತರ್ಕ

ಕನ್ನಡ ಚಲನಚಿತ್ರದ ಇತಿಹಾಸವನ್ನು ಕುರಿತ ಬರವಣಿಗೆ ಬಹುಮಟ್ಟಿಗೆ ಎರಡು ಧಾರೆಗಳನ್ನು ಅನುಸರಿಸಿಕೊಂಡು ಬಂದಿದೆ. ಒಂದು, ಡಾ. ರಾಜ್‌ಕುಮಾರ್ ಅವರನ್ನು ಕೇಂದ್ರದಲ್ಲಿಟ್ಟುಕೊಂಡ ಜನಪ್ರಿಯ ಚಿತ್ರಗಳ ಧಾರೆ; ಇನ್ನೊಂದು, 1970ರ ‘ಸಂಸ್ಕಾರ’ದಿಂದ ಮೊದಲ್ಗೊಂಡ ಹೊಸ ಅಲೆಯ ಧಾರೆ. ಈ ಎರಡರಲ್ಲಿಯೂ ಸುಲಭವಾಗಿ ಸೇರದ ಚಿತ್ರಗಳು ಇತಿಹಾಸದ ಅಂಚಿನಲ್ಲಿಯೇ ಉಳಿದಿವೆ. ಪತ್ತೇದಾರಿ ಹಾಗೂ ಸಸ್ಪೆನ್ಸ್ ಚಿತ್ರಗಳ ಪ್ರಕಾರಕ್ಕೆ ಆಗಿರುವುದು ಇದೇ ಗತಿ. ಈ ಪ್ರಕಾರವನ್ನು ಕನ್ನಡದಲ್ಲಿ ಪ್ರತ್ಯೇಕ ಶಿಸ್ತಾಗಿ ರೂಢಿಸಿದವರಲ್ಲಿ ಸುನೀಲ್ ಕುಮಾರ್ ದೇಸಾಯಿ ಪ್ರಮುಖರು. ‘ತರ್ಕ’ (1989), ‘ಉತ್ಕರ್ಷ’ (1990), ‘ನಿಷ್ಕರ್ಷ’ (1993) ಹಾಗೂ ‘ಬೆಳದಿಂಗಳ ಬಾಲೆ’ (1995) ಚಿತ್ರಗಳನ್ನು ಪ್ರೇಕ್ಷಕರು ಇಂದಿಗೂ ನೆನೆಯುತ್ತಾರೆ. ಆದರೆ ಅವುಗಳ ಬಗೆಗಿನ ಚರ್ಚೆ ‘ಕಥೆ ಎಲ್ಲಿಂದ ಬಂದಿತು’ ಎಂಬ ಪ್ರಶ್ನೆಯ ಬಳಿಯೇ ನಿಂತುಬಿಡುವುದುಂಟು. ಆ ಪ್ರಶ್ನೆಯನ್ನು ಮರುಪರಿಶೀಲಿಸಿ, ಈ ಚಿತ್ರಗಳ ಸ್ವಂತಿಕೆಯನ್ನು ಬೇರೆಡೆ ಗುರುತಿಸುವುದು ಈ ಲೇಖನದ ಉದ್ದೇಶ.

ಹಿನ್ನೆಲೆ

ಕನ್ನಡ ಓದುಗನಿಗೆ ಪತ್ತೇದಾರಿ ಕಥೆ ಹೊಸದಾಗಿರಲಿಲ್ಲ. ಎನ್. ನರಸಿಂಹಯ್ಯ, ಮ. ರಾಮಮೂರ್ತಿ ಮೊದಲಾದವರ ಪತ್ತೇದಾರಿ ಕಾದಂಬರಿಗಳು ಕನ್ನಡದಲ್ಲಿ ದೊಡ್ಡದೊಂದು ಓದುಗ ವರ್ಗವನ್ನೇ ನಿರ್ಮಿಸಿದ್ದವು. ‘ಬಂಗಾರದ ಮನುಷ್ಯ’ದ ಮೂಲ ಕಾದಂಬರಿಯನ್ನು ಬರೆದ ಟಿ.ಕೆ. ರಾಮರಾವ್ ಅವರೂ ಈ ಪ್ರಕಾರದಲ್ಲಿ ಕೃಷಿ ಮಾಡಿದವರು. ಚಿತ್ರರಂಗದಲ್ಲಿ ದೊರೈ-ಭಗವಾನ್ ಜೋಡಿಯ ‘ಜೇಡರ ಬಲೆ’ (1968) ಸಿ.ಐ.ಡಿ. 999 ಎಂಬ ಪಾತ್ರವನ್ನು ಪರಿಚಯಿಸಿತು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’ ಬಂದಿತು. ಆದರೆ ಈ ಚಿತ್ರಗಳ ಆಕರ್ಷಣೆ ನಾಯಕನ ಸಾಹಸದಲ್ಲಿತ್ತು. ನಾಯಕ ಗೆಲ್ಲುತ್ತಾನೆ ಎಂಬುದರಲ್ಲಿ ಪ್ರೇಕ್ಷಕನಿಗೆ ಅನುಮಾನವಿರಲಿಲ್ಲ.

ಅನುಮಾನವನ್ನೇ ಚಿತ್ರದ ಜೀವಾಳವಾಗಿಸಿದ ಮುಖ್ಯ ಪ್ರಯತ್ನ ಕಾಶೀನಾಥ್ ಅವರ ‘ಅಪರಿಚಿತ’ (1978). ಜನಪ್ರಿಯ ತಾರೆಯ ವರ್ಚಸ್ಸಿಗಿಂತ ಸನ್ನಿವೇಶದ ಬಿಗುವನ್ನು ನೆಚ್ಚಿಕೊಂಡಿದ್ದ ಈ ಚಿತ್ರವನ್ನು ಕಾಶೀನಾಥ್ ಅವರೇ ‘ಬೇಶಕ್’ (1981) ಎಂಬ ಹೆಸರಿನಲ್ಲಿ ಹಿಂದಿಯಲ್ಲಿಯೂ ನಿರ್ದೇಶಿಸಿದರು. ದೇಸಾಯಿ ಅವರ ‘ತರ್ಕ’ ಬಂದದ್ದು ಅದಾದ ಒಂದು ದಶಕದ ನಂತರ. ಶಂಕರ್‌ನಾಗ್, ದೇವರಾಜ್ ಹಾಗೂ ವನಿತಾ ವಾಸು ಅಭಿನಯಿಸಿದ ಈ ಚಿತ್ರದಲ್ಲಿ ಹಾಡುಗಳೇ ಇರಲಿಲ್ಲ. ಭಾರತೀಯ ಚಿತ್ರರಂಗದಲ್ಲಿ ಎಸ್. ಬಾಲಚಂದರ್ ಅವರ ತಮಿಳಿನ ‘ಅಂದ ನಾಳ್’ (1954), ಬಿ.ಆರ್. ಚೋಪ್ರಾ ಅವರ ‘ಕಾನೂನ್’ (1960), ಯಶ್ ಚೋಪ್ರಾ ಅವರ ‘ಇತ್ತೆಫಾಕ್’ (1969) ಇಂತಹ ಧೈರ್ಯವನ್ನು ಮೊದಲೇ ತೋರಿದ್ದವು. ಆದರೂ ಹಾಡುಗಳ ಧ್ವನಿಸುರುಳಿಯ ಮಾರಾಟವೇ ಚಿತ್ರವೊಂದರ ಪ್ರಚಾರವಾಗಿದ್ದ 1980ರ ದಶಕದ ಕೊನೆಯಲ್ಲಿ, ಚೊಚ್ಚಲ ನಿರ್ದೇಶಕರೊಬ್ಬರು ಹಾಡನ್ನು ಕೈಬಿಟ್ಟದ್ದು ಸಣ್ಣ ಸಂಗತಿಯಲ್ಲ. ಹಾಡು ಕಾಲವನ್ನು ನಿಲ್ಲಿಸುತ್ತದೆ. ಸಸ್ಪೆನ್ಸ್ ಚಿತ್ರಕ್ಕೆ ಓಡುವ ಕಾಲವೇ ಬಂಡವಾಳ.

ಎರವಲಿನ ಪ್ರಶ್ನೆ

ದೇಸಾಯಿ ಅವರ ಚಿತ್ರಗಳ ಮೇಲಿನ ಮುಖ್ಯ ಆಕ್ಷೇಪ ಅವು ಎರವಲಿನವು ಎಂಬುದು. ‘ತರ್ಕ’ದ ಕಥಾಬೀಜಕ್ಕೂ ಅಗಾಥಾ ಕ್ರಿಸ್ಟಿ ಅವರ 1958ರ ‘ದಿ ಅನ್‌ಎಕ್ಸ್‌ಪೆಕ್ಟೆಡ್ ಗೆಸ್ಟ್’ ನಾಟಕಕ್ಕೂ ಇರುವ ಹೋಲಿಕೆಯನ್ನು ಗುರುತಿಸಲಾಗಿದೆ. ಹಿಂದಿಯ ‘ಧುಂಧ್’ (1973) ಚಿತ್ರದ ಆಧಾರವೂ ಅದೇ ನಾಟಕ. ‘ನಿಷ್ಕರ್ಷ’ವನ್ನು ಅಮೆರಿಕದ ‘ಡೈ ಹಾರ್ಡ್’ (1988) ಚಿತ್ರದೊಡನೆ ಹೋಲಿಸುವುದು ವಾಡಿಕೆಯಾಗಿದೆ. ‘ಬೆಳದಿಂಗಳ ಬಾಲೆ’ಗೆ ಯಂಡಮೂರಿ ವೀರೇಂದ್ರನಾಥ್ ಅವರ ತೆಲುಗು ಕಾದಂಬರಿ ‘ವೆನ್ನೆಲ್ಲೋ ಆಡಪಿಲ್ಲ’ ಆಧಾರ.

ಈ ಸಂಗತಿಗಳನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಆದರೆ ಅವುಗಳಿಂದ ಹೊರಡಿಸುವ ತೀರ್ಮಾನವನ್ನು ಪ್ರಶ್ನಿಸಬೇಕಾಗಿದೆ. ಸಸ್ಪೆನ್ಸ್ ಚಿತ್ರಗಳ ಆಚಾರ್ಯರೆಂದೇ ಹೆಸರಾದ ಆಲ್‌ಫ್ರೆಡ್ ಹಿಚ್‌ಕಾಕ್ ಅವರ ಪ್ರಸಿದ್ಧ ಚಿತ್ರಗಳಲ್ಲಿ ಬಹುಪಾಲು ಇತರರ ಕಥೆಗಳನ್ನು ಆಧರಿಸಿದವು. ‘ರೆಬೆಕ್ಕಾ’ (1940) ಡ್ಯಾಫ್ನೆ ದು ಮೋರಿಯೇ ಅವರ ಕಾದಂಬರಿ. ‘ರಿಯರ್ ವಿಂಡೋ’ (1954) ಕಾರ್ನೆಲ್ ವುಲ್ರಿಚ್ ಅವರ ಕಥೆ. ‘ಸೈಕೋ’ (1960) ರಾಬರ್ಟ್ ಬ್ಲಾಕ್ ಅವರ ಕಾದಂಬರಿ. ಹಿಚ್‌ಕಾಕ್ ಅವರನ್ನು ಬಹುಕಾಲ ಕೇವಲ ಮನರಂಜಕರೆಂದೇ ಪರಿಗಣಿಸಲಾಗಿತ್ತು. 1957ರಲ್ಲಿ ಎರಿಕ್ ರೋಮರ್ ಮತ್ತು ಕ್ಲೋದ್ ಶಾಬ್ರೋಲ್ ಅವರ ಅಧ್ಯಯನ, 1966ರಲ್ಲಿ ಫ್ರಾನ್ಸ್ವಾ ತ್ರೂಫೋ ಅವರ ಸಂದರ್ಶನ ಗ್ರಂಥ ಪ್ರಕಟವಾದ ಮೇಲೆ ಆ ಅಭಿಪ್ರಾಯ ಬದಲಾಯಿತು. ಕಥೆ ಯಾರದು ಎಂಬುದನ್ನು ಬದಿಗಿರಿಸಿ, ಕಥೆಯನ್ನು ತೋರಿಸಿದ ಬಗೆ ಯಾರದು ಎಂದು ಈ ವಿಮರ್ಶಕರು ಕೇಳಿದರು. ಕನ್ನಡದ ಸಸ್ಪೆನ್ಸ್ ಚಿತ್ರಗಳ ಬಗೆಗೆ ಅಂತಹ ಪ್ರಶ್ನೆಯನ್ನು ಗ್ರಂಥರೂಪದಲ್ಲಿ ಸಾವಧಾನವಾಗಿ ಕೇಳಬೇಕಾದ ಕೆಲಸ ಇನ್ನೂ ಬಾಕಿಯಿದೆ.

ಎರವಲು ಒಮ್ಮುಖವಾಗಿಯೂ ಇರಲಿಲ್ಲ ಎಂಬುದು ಇಲ್ಲಿ ಗಮನಾರ್ಹ. ‘ತರ್ಕ’ವು 1990ರಲ್ಲಿ ತಮಿಳಿನಲ್ಲಿ ‘ಪುರಿಯಾದ ಪುದಿರ್’ ಆಗಿ ಮರುನಿರ್ಮಾಣಗೊಂಡಿತು. ಮುಂದೆ ತಮಿಳಿನ ಪ್ರಮುಖ ನಿರ್ದೇಶಕರಾದ ಕೆ.ಎಸ್. ರವಿಕುಮಾರ್ ಅವರ ಮೊದಲ ಚಿತ್ರ ಅದು. ಕನ್ನಡ ಚಿತ್ರರಂಗ ರೀಮೇಕ್‌ಗಳನ್ನು ಕುರಿತು ತೀವ್ರವಾಗಿ ವಾದಿಸುತ್ತಿದ್ದ ಕಾಲದಲ್ಲಿ, ಹಾಡಿಲ್ಲದ ಕನ್ನಡ ಚಿತ್ರವೊಂದು ನೆರೆಯ ಭಾಷೆಯ ನಿರ್ದೇಶಕನಿಗೆ ಆರಂಭವನ್ನು ಒದಗಿಸಿತ್ತು.

ಸ್ಥಳವೇ ತಂತ್ರ

ಹಿಚ್‌ಕಾಕ್ ಅವರು ಬೆರಗಿಗೂ ಸಸ್ಪೆನ್ಸಿಗೂ ಇರುವ ವ್ಯತ್ಯಾಸವನ್ನು ಮೇಜಿನ ಕೆಳಗಿನ ಬಾಂಬಿನ ಉದಾಹರಣೆಯಿಂದ ವಿವರಿಸುತ್ತಿದ್ದರು. ಬಾಂಬ್ ಇರುವುದು ಯಾರಿಗೂ ತಿಳಿಯದೆ ಸಿಡಿದರೆ ಅದು ಕ್ಷಣದ ಬೆರಗು. ಅಲ್ಲಿ ಕುಳಿತು ಮಾತನಾಡುವವರಿಗೆ ತಿಳಿಯದ ಆ ವಿಷಯ ಪ್ರೇಕ್ಷಕನಿಗೆ ತಿಳಿದಿದ್ದರೆ ಅದು ಸಸ್ಪೆನ್ಸ್. ಈ ಮಾನದಂಡದಿಂದ ನೋಡಿದರೆ ದೇಸಾಯಿ ಅವರ ಬೆಳವಣಿಗೆ ಸ್ಪಷ್ಟವಾಗುತ್ತದೆ. ‘ತರ್ಕ’ ಮುಖ್ಯವಾಗಿ ರಹಸ್ಯದ ಚಿತ್ರ. ಬೆರಳೆಣಿಕೆಯ ಪಾತ್ರಗಳ ನಡುವೆ ಸತ್ಯ ಎಲ್ಲಿದೆ ಎಂಬುದನ್ನು ಪ್ರೇಕ್ಷಕನಿಂದ ಕೊನೆಯವರೆಗೂ ಮರೆಮಾಚಲಾಗುತ್ತದೆ. ‘ನಿಷ್ಕರ್ಷ’ದಲ್ಲಿ ಮರೆಮಾಚುವಂಥದ್ದು ಹೆಚ್ಚೇನಿಲ್ಲ. ದರೋಡೆಕೋರರು ಯಾರು, ಒತ್ತೆಯಾಳುಗಳು ಯಾರು ಎಂಬುದು ನೋಡುವವರಿಗೆ ತಿಳಿದಿರುತ್ತದೆ. ಕಟ್ಟಡದ ಒಳಗಿರುವವರಿಗೆ ಹೊರಗಿನದು, ಹೊರಗಿರುವವರಿಗೆ ಒಳಗಿನದು ತಿಳಿಯದು. ಆತಂಕ ಹುಟ್ಟುವುದು ಈ ಅಂತರದಿಂದ.

‘ನಿಷ್ಕರ್ಷ’ದ ಕಥೆ ನಡೆಯುವುದು ಮಣಿಪಾಲದ ಬಹುಮಹಡಿ ಕಟ್ಟಡವೊಂದರಲ್ಲಿರುವ ಬ್ಯಾಂಕಿನಲ್ಲಿ. ಬಿ.ಸಿ. ಪಾಟೀಲ್ ದರೋಡೆಕೋರರ ನಾಯಕನಾಗಿ, ವಿಷ್ಣುವರ್ಧನ್ ಕಮಾಂಡೊ ಆಗಿ, ಅನಂತನಾಗ್ ಪೊಲೀಸ್ ಅಧಿಕಾರಿಯಾಗಿ ಅಭಿನಯಿಸಿದ್ದಾರೆ. ಈ ಸ್ಥಳದ ಆಯ್ಕೆಯನ್ನು ಕೇವಲ ಅನುಕೂಲದ ದೃಷ್ಟಿಯಿಂದ ನೋಡಲಾಗದು. ಕೆನರಾ ಬ್ಯಾಂಕ್ (1906), ಕಾರ್ಪೊರೇಷನ್ ಬ್ಯಾಂಕ್ (1906), ಕರ್ಣಾಟಕ ಬ್ಯಾಂಕ್ (1924), ಸಿಂಡಿಕೇಟ್ ಬ್ಯಾಂಕ್ (1925), ವಿಜಯಾ ಬ್ಯಾಂಕ್ (1931) ಇವೆಲ್ಲ ಅವಿಭಜಿತ ದಕ್ಷಿಣ ಕನ್ನಡದ ನೆಲದಲ್ಲಿ ಹುಟ್ಟಿದವು. 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಗುವವರೆಗೆ ಸಿಂಡಿಕೇಟ್ ಬ್ಯಾಂಕಿನ ಕೇಂದ್ರ ಕಚೇರಿ ಇದ್ದುದು ಮಣಿಪಾಲದಲ್ಲಿಯೇ. ಆ ಸೀಮೆಯಲ್ಲಿ ಬ್ಯಾಂಕ್ ಎಂಬುದು ಊರಿನ ಪ್ರತಿಷ್ಠೆ. ನೆರೆಹೊರೆಯವರ ಉಳಿತಾಯವನ್ನು ಕಾಯುವ ಮನೆ. ಲಾಸ್ ಏಂಜಲೀಸಿನ ಗಗನಚುಂಬಿಯಲ್ಲಿ ಅಪಾಯಕ್ಕೊಳಗಾಗುವುದು ಬಹುರಾಷ್ಟ್ರೀಯ ಸಂಸ್ಥೆಯೊಂದರ ತಿಜೋರಿ. ಮಣಿಪಾಲದಲ್ಲಿ ಅದೇ ಚೌಕಟ್ಟು ಬೇರೊಂದು ಅರ್ಥವನ್ನು ಪಡೆಯುತ್ತದೆ. ಕಥೆಯ ಚೌಕಟ್ಟು ಎರವಲಿರಬಹುದು, ಭಯ ಸ್ಥಳೀಯವಾದದ್ದು.

ಶೀರ್ಷಿಕೆಗಳೂ ಇದೇ ಮನೋಧರ್ಮವನ್ನು ಸೂಚಿಸುತ್ತವೆ. ‘ತರ್ಕ’, ‘ನಿಷ್ಕರ್ಷ’ ಇವು ವಾದದ ಪರಿಭಾಷೆಗೆ ಸೇರಿದ ಪದಗಳು. 2002ರ ಚಿತ್ರಕ್ಕೆ ‘ಮರ್ಮ’ ಎಂಬ ಹೆಸರಿದೆ. ಹೆಸರುಗಳು ವೀರನನ್ನಾಗಲಿ ಊರನ್ನಾಗಲಿ ಸಾರದೆ, ಪ್ರೇಕ್ಷಕನನ್ನು ವಿಚಾರಣೆಯೊಂದಕ್ಕೆ ಆಹ್ವಾನಿಸುತ್ತವೆ.

ದೂರವಾಣಿ ಮತ್ತು ಕಾಣದ ನಾಯಕಿ

‘ಬೆಳದಿಂಗಳ ಬಾಲೆ’ಯಲ್ಲಿ ಕೊಲೆಯಿಲ್ಲ, ದರೋಡೆಯಿಲ್ಲ. ಚದುರಂಗದ ಆಟಗಾರ ರೇವಂತನಿಗೆ ಅಪರಿಚಿತ ಹೆಣ್ಣೊಬ್ಬಳು ದೂರವಾಣಿ ಕರೆ ಮಾಡುತ್ತಾಳೆ; ತನ್ನನ್ನು ಪತ್ತೆಹಚ್ಚುವಂತೆ ಸವಾಲೊಡ್ಡುತ್ತಾಳೆ. ಅನಂತನಾಗ್ ಅವರ ರೇವಂತನಿಗೂ ಪ್ರೇಕ್ಷಕನಿಗೂ ಆಕೆ ಬಹುಪಾಲು ಧ್ವನಿಯಾಗಿಯೇ ಉಳಿಯುತ್ತಾಳೆ. ಹಿಚ್‌ಕಾಕ್ ಅವರ ‘ರೆಬೆಕ್ಕಾ’ದಲ್ಲಿಯೂ ಶೀರ್ಷಿಕೆಯ ಹೆಣ್ಣು ತೆರೆಯ ಮೇಲೆ ಬರುವುದೇ ಇಲ್ಲ. ಆದರೆ ಅಲ್ಲಿ ಆಕೆಯ ಗೈರುಹಾಜರಿಯನ್ನು ಆವರಿಸಿರುವುದು ಒಂದು ಬಂಗಲೆ. ಇಲ್ಲಿ ಆವರಿಸಿರುವುದು ನಗರದ ದೂರವಾಣಿ ಜಾಲ.

ಈ ಜಾಲದ ಚರಿತ್ರೆ ಬೆಂಗಳೂರಿನ ಹೊರವಲಯದ ಚರಿತ್ರೆಯೂ ಹೌದು. 1948ರಲ್ಲಿ ಸ್ಥಾಪನೆಯಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ವೈಟ್‌ಫೀಲ್ಡಿನ ದಾರಿಯಲ್ಲಿರುವ ಕೃಷ್ಣರಾಜಪುರದ ಬಳಿ ನೆಲೆಗೊಂಡಿತು. ಆ ಬಡಾವಣೆಗೆ ದೂರವಾಣಿನಗರ ಎಂದೇ ಹೆಸರಾಯಿತು. ದೇಶದ ಅಸಂಖ್ಯ ಮನೆಗಳಲ್ಲಿ, ಕಚೇರಿಗಳಲ್ಲಿ ಗಂಟೆ ಬಾರಿಸಿದ ದೂರವಾಣಿಗಳನ್ನು ಅಲ್ಲಿನ ಕಾರ್ಮಿಕರು ತಯಾರಿಸಿದ್ದರು. ಕರೆ ಮಾಡಿದವರ ಸಂಖ್ಯೆಯನ್ನು ತೋರಿಸದ ಆ ಉಪಕರಣವೇ ‘ಬೆಳದಿಂಗಳ ಬಾಲೆ’ಯ ಸಸ್ಪೆನ್ಸಿನ ತಳಪಾಯ. ಕರೆಯ ಮೂಲವನ್ನು ಹುಡುಕಬೇಕಾದರೆ ಎಕ್ಸ್‌ಚೇಂಜಿನ ನೆರವು ಬೇಕಾಗಿದ್ದ ಕಾಲವದು. 1995ರ ಜುಲೈ 31ರಂದು ಕೋಲ್ಕತ್ತದಲ್ಲಿ ದೇಶದ ಮೊದಲ ಮೊಬೈಲ್ ಕರೆ ಮಾಡಲಾಯಿತು. ಚಿತ್ರ ಮತ್ತು ಅದರ ಸಸ್ಪೆನ್ಸನ್ನು ಮುಂದೆ ಅಸಾಧ್ಯವಾಗಿಸಿದ ತಂತ್ರಜ್ಞಾನ ಒಂದೇ ವರ್ಷಕ್ಕೆ ಸೇರಿವೆ. ಆದ್ದರಿಂದ ಈ ಚಿತ್ರ ಪ್ರೇಮಕಥೆಯಾಗಿರುವಂತೆಯೇ, ಗುರುತಿಲ್ಲದ ಧ್ವನಿಗೆ ಅವಕಾಶವಿದ್ದ ನಗರಜೀವನದ ದಾಖಲೆಯೂ ಆಗಿದೆ.

ಉಳಿಯುವ ಆಕ್ಷೇಪಗಳು

ಎರವಲಿನ ಆಕ್ಷೇಪವನ್ನು ಬದಿಗಿಟ್ಟರೂ ಇನ್ನೆರಡು ಆಕ್ಷೇಪಗಳು ಉಳಿಯುತ್ತವೆ. ಮೊದಲನೆಯದು, ಈ ಚಿತ್ರಗಳಲ್ಲಿ ಸಾಮಾಜಿಕ ಕಾಳಜಿಯಿಲ್ಲ ಎಂಬುದು. ಶಂಕರ್‌ನಾಗ್ ಅವರ ‘ಆಕ್ಸಿಡೆಂಟ್’ (1985) ಅಪರಾಧವೊಂದರ ತನಿಖೆಯ ಮೂಲಕವೇ ರಾಜಕೀಯ ಅಧಿಕಾರವನ್ನು ಪ್ರಶ್ನಿಸಿತ್ತು. ಅದಕ್ಕೆ ಹೋಲಿಸಿದರೆ ದೇಸಾಯಿ ಅವರ ಚಿತ್ರಗಳು ವ್ಯವಸ್ಥೆಯ ವಿಮರ್ಶೆಗೆ ತೊಡಗುವುದು ಕಡಿಮೆ ಎಂಬುದನ್ನು ಒಪ್ಪಬೇಕು. ಎರಡನೆಯದು ಸ್ತ್ರೀಪಾತ್ರಗಳಿಗೆ ಸಂಬಂಧಿಸಿದ್ದು. ‘ತರ್ಕ’ದಲ್ಲಿ ಹೆಣ್ಣಿನ ಸಂಕಟ ಕಥೆಯ ಚಾಲಕಶಕ್ತಿಯಾಗುತ್ತದೆಯೇ ಹೊರತು ಅದೇ ವಿಷಯವಾಗುವುದಿಲ್ಲ, ‘ಬೆಳದಿಂಗಳ ಬಾಲೆ’ಯಲ್ಲಿ ಹೆಣ್ಣು ಗಂಡಿನ ಬುದ್ಧಿಗೆ ಒಡ್ಡಿದ ಒಗಟಾಗುತ್ತಾಳೆ. ಆದರೆ ಒಗಟನ್ನು ಕಟ್ಟಿದವಳೂ ಆಟದ ನಿಯಮಗಳನ್ನು ವಿಧಿಸಿದವಳೂ ಆಕೆಯೇ ಎಂಬ ಮಾತನ್ನು ಇದಕ್ಕೆ ಉತ್ತರವಾಗಿ ಹೇಳಬಹುದು. ಈ ವಾದ ಇತ್ಯರ್ಥವಾಗುವಂಥದ್ದಲ್ಲ. ಆದರೆ ಚಿತ್ರಗಳನ್ನು ಮತ್ತೆ ನೋಡಲು ಪ್ರೇರೇಪಿಸುವ ವಾದ ಇದೇ.

ಮುಂದಿನ ಪೀಳಿಗೆ ಮತ್ತು ಸಂರಕ್ಷಣೆಯ ಹೊಣೆ

1990ರ ದಶಕದ ನಂತರ ಎಲೆಕ್ಟ್ರಾನಿಕ್ ಸಿಟಿ ಹಾಗೂ ವೈಟ್‌ಫೀಲ್ಡಿನ ಮಾಹಿತಿ ತಂತ್ರಜ್ಞಾನ ವಲಯ ಬೆಳೆದಂತೆ ನಗರದ ಸ್ವರೂಪವೂ ಚಿತ್ರ ನೋಡುವ ಬಗೆಯೂ ಬದಲಾದವು. ಕೆಂಪೇಗೌಡ ರಸ್ತೆಯ ಒಂಟಿ ತೆರೆಯ ಚಿತ್ರಮಂದಿರಗಳ ಜೊತೆಗೆ ಹೊರವಲಯದ ಮಲ್ಟಿಪ್ಲೆಕ್ಸುಗಳೂ ಸೇರಿಕೊಂಡವು. ಸಾರ್ವಜನಿಕರಿಂದ ಹಣ ಸಂಗ್ರಹಿಸಿ ‘ಲೂಸಿಯಾ’ (2013) ನಿರ್ಮಿಸಿದ ಪವನ್ ಕುಮಾರ್, ‘ಯೂ ಟರ್ನ್’ (2016) ಚಿತ್ರದಲ್ಲಿ ಬೆಂಗಳೂರಿನ ಡಬಲ್ ರೋಡ್ ಮೇಲ್ಸೇತುವೆಯನ್ನೇ ಭಯದ ನೆಲೆಯಾಗಿಸಿದರು. ವಿಭಜಕದ ಕಲ್ಲುಗಳನ್ನು ಸರಿಸಿ ವಾಹನ ತಿರುಗಿಸಿಕೊಳ್ಳುವ ಸವಾರರ ನಿತ್ಯದ ಅಭ್ಯಾಸ ಅಲ್ಲಿ ಅಪರಾಧದ ಮೂಲವಾಗುತ್ತದೆ. ಈ ಚಿತ್ರವೂ ಮಲಯಾಳಂ, ತಮಿಳು, ತೆಲುಗು ಭಾಷೆಗಳಿಗೆ ಹೋಯಿತು. ಮಣಿಪಾಲದ ಬ್ಯಾಂಕು, ರೇವಂತನ ದೂರವಾಣಿ, ಡಬಲ್ ರೋಡಿನ ಮೇಲ್ಸೇತುವೆ ಇವುಗಳನ್ನು ಒಂದೇ ಸಾಲಿನಲ್ಲಿಟ್ಟು ನೋಡಿದಾಗ, ಸ್ಥಳದ ದೈನಂದಿನ ವಿವರವನ್ನೇ ಆತಂಕದ ಯಂತ್ರವಾಗಿಸುವ ಪರಂಪರೆಯೊಂದು ಕನ್ನಡದಲ್ಲಿರುವುದು ಗೋಚರಿಸುತ್ತದೆ. ಎರವಲಿನ ಪಟ್ಟಿಯಿಂದ ಈ ಪರಂಪರೆ ಕಾಣಿಸದು.

ಇಂತಹ ಅಧ್ಯಯನಕ್ಕೆ ಚಿತ್ರಗಳು ಪೂರ್ಣರೂಪದಲ್ಲಿ ಲಭ್ಯವಿರಬೇಕಾದುದು ಮೊದಲ ಅಗತ್ಯ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿ ಇಂದು ಉಳಿದಿಲ್ಲ. ಅದರ ಬಗೆಗೆ ಏನನ್ನು ಬರೆದರೂ ಅದು ಇತರ ದಾಖಲೆಗಳನ್ನು ಆಧರಿಸಿದ ಮಾತಾಗುತ್ತದೆ. ಸಸ್ಪೆನ್ಸ್ ಚಿತ್ರದಲ್ಲಿ ಕ್ಷಣಗಳ ಲೆಕ್ಕ, ಚೌಕಟ್ಟಿನ ಅಂಚು, ಮೌನದ ಅವಧಿ ಇವೇ ಅರ್ಥವನ್ನು ನಿರ್ಣಯಿಸುತ್ತವೆ. ಪ್ರಸಾರದ ಅನುಕೂಲಕ್ಕೆ ಕತ್ತರಿಸಿದ ಪ್ರತಿಯನ್ನು ನೆಚ್ಚಿದರೆ ವಿಮರ್ಶೆಯ ಆಧಾರವೇ ಕುಸಿಯುತ್ತದೆ. 1989ರಿಂದ 1995ರವರೆಗಿನ ಈ ಚಿತ್ರಗಳ ನೆಗೆಟಿವ್‌ಗಳನ್ನು ಗುರುತಿಸಿ, ಚಿತ್ರಕಥೆಗಳನ್ನು ಸಂಗ್ರಹಿಸಿ, ಅವುಗಳಲ್ಲಿ ದುಡಿದ ತಂತ್ರಜ್ಞರ ನೆನಪುಗಳನ್ನು ದಾಖಲಿಸುವ ಕಾರ್ಯ ಆ ಪೀಳಿಗೆಯವರು ನಮ್ಮೊಡನೆ ಇರುವಾಗಲೇ ನಡೆಯಬೇಕಾಗಿದೆ. ದೇಸಾಯಿ ಅವರ ಚಿತ್ರಗಳ ಮೌಲ್ಯವನ್ನು ಕುರಿತ ವಾದ ಮುಂದುವರಿಯಲಿ. ಆ ವಾದಕ್ಕೆ ಬೇಕಾದ ಸಾಕ್ಷ್ಯವನ್ನು ಉಳಿಸಿಕೊಡುವುದು ಇತಿಹಾಸಕಾರರ ಹಾಗೂ ಸಂಸ್ಥೆಗಳ ಹೊಣೆಯಾಗಿದೆ.