ಹಾಸನದ ಗಿಡಗಳ ಲೆಕ್ಕ

ಲಾಲ್‌ಬಾಗ್ ಎಂದೊಡನೆ ನಿಮಗೆ ಕ್ರುಂಬಿಗಲ್, ಮರಿಗೌಡರ ನೆನಪಾಗುವುದು ಸಹಜ. ಅವರು ನಾಡಿನ ಹೊರಗಿನ ಗಿಡಗಳನ್ನೂ ತಂದು ತೋಟ ಬೆಳೆಸಿದವರು. ನೆಟ್ಟವರಿಲ್ಲದೆ ಬೆಳೆದ ಗಿಡಗಳನ್ನು ಕೇಳುವವರು ಯಾರು?

ಅದೇ ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಪಾದ್ರಿ ಸಿಸಿಲ್ ಸಲ್ಡಾನ್ಹಾ ಆ ಕೆಲಸಕ್ಕೆ ಹಾಸನ ಜಿಲ್ಲೆಯನ್ನು ಆರಿಸಿಕೊಂಡರು. ಸಕಲೇಶಪುರದ ಮಳೆಕಾಡಿನಿಂದ ಚನ್ನರಾಯಪಟ್ಟಣದ ಬಯಲಿನವರೆಗೆ, ಸಂಗಡಿಗರೊಡನೆ ಗಿಡಗಳನ್ನು ಆಯ್ದು, ಕಾಗದದ ನಡುವೆ ಒತ್ತಿ ಒಣಗಿಸಿ, ಹೆಸರು ಗುರುತಿಸಿದರು. ಅಮೆರಿಕದ ಡ್ಯಾನ್ ನಿಕಲ್ಸನ್ನರೊಡನೆ ಅವರು ಸಂಪಾದಿಸಿದ ಹಾಸನದ ಸಸ್ಯಗ್ರಂಥ ೧೯೭೬ರಲ್ಲಿ ಹೊರಬಂತು.

೧೯೭೯ರಲ್ಲಿ ಗೊರೂರಿನ ಅಣೆಕಟ್ಟು ಮುಗಿಯಿತು. ಹೇಮಾವತಿಯ ಹಿನ್ನೀರು ಎಷ್ಟೋ ನೆಲವನ್ನು ಮುಳುಗಿಸಿತು. ಕಾಲುವೆ ಹರಿದು ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಎಷ್ಟೋ ಹೊಲಗಳ ಬೆಳೆಯೇ ಬದಲಾಯಿತು. ನೆಲ ಬದಲಾಗುವ ಮುನ್ನ ಅದರ ಲೆಕ್ಕ ಬರೆದಿಟ್ಟದ್ದು ನಮ್ಮ ಭಾಗ್ಯವಲ್ಲವೇ?