ಸರ್ಕಾರ ಸಾಕಿದ ಮಕ್ಕಳು

ಪ್ರಭುತ್ವಕ್ಕೆ ದುಡಿಯುವ ಆಳು ಬೇಕಾದಾಗ ಅದು ಹೆಂಗಸಿನ ಬಸಿರಿಗೂ ಕೈ ಹಾಕುತ್ತದೆ. 1966ರ ಅಕ್ಟೋಬರಿನಲ್ಲಿ ರುಮೇನಿಯಾದ ಚೌಷೆಸ್ಕು ಸರ್ಕಾರ 770ನೇ ಆಜ್ಞೆ ಹೊರಡಿಸಿ ಗರ್ಭಪಾತವನ್ನು ಬಹುಮಟ್ಟಿಗೆ ನಿಷೇಧಿಸಿತು. ಮರುವರ್ಷ ಹುಟ್ಟಿದ ಮಕ್ಕಳ ಸಂಖ್ಯೆ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಹೆರಿ ಅಂದವರು ಸಾಕೋದು ಹೇಗೆ ಅಂತ ಹೇಳಲಿಲ್ಲ. ಆಗದಿದ್ದರೆ ತಂದು ಬಿಡಿ, ಸರ್ಕಾರ ಸಾಕುತ್ತೆ ಅಂದರು.

1989ರಲ್ಲಿ ಆ ಆಳ್ವಿಕೆ ಉರುಳಿದಾಗ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳು ಸರ್ಕಾರಿ ಅನಾಥಾಲಯಗಳಲ್ಲಿದ್ದರು. ಹೆಸರಿಗೆ ಅನಾಥಾಲಯ, ಬಹುಪಾಲು ಮಕ್ಕಳಿಗೆ ಅಪ್ಪ, ಅವ್ವ ಇದ್ದರು. ಇದ್ದದ್ದು ಬಡತನ. ರೋಮಾ ಜನರ ಮಕ್ಕಳಂತೂ ಅವರ ಜನಸಂಖ್ಯೆಯ ಪಾಲಿಗಿಂತ ಬಹಳ ಹೆಚ್ಚು. 1856ರವರೆಗೂ ಆ ನೆಲದಲ್ಲಿ ಗುಲಾಮರಾಗಿದ್ದ ಜನ ಅವರು.

ಒಬ್ಬ ಆಯಾಗೆ ಹತ್ತಾರು ಕೂಸು. ಪಾಳಿ ಮುಗಿದರೆ ಬೇರೆ ಮುಖ. ಅತ್ತರೆ ಎತ್ತಿಕೊಳ್ಳುವವರಿಲ್ಲ ಎಂದು ತಿಳಿದ ಕೂಸು ಅಳುವುದನ್ನೇ ಬಿಡುತ್ತದೆ; ಒಂದೇ ಸಮನೆ ತೂಗಾಡುತ್ತ ಕೂರುತ್ತದೆ. ಮೂರು ವರ್ಷಕ್ಕೆ ಜರಡಿ. 'ಸರಿಹೋಗದವರು' ಅಂತ ಚೀಟಿ ಬಿದ್ದವರು ಚಿಗಿದ್‌ನಂಥ ದೂರದ ಕೊಂಪೆಗಳಿಗೆ. ಚಳಿ, ಹಸಿವು, ರೋಗಕ್ಕೆ ಅಲ್ಲಿ ಸತ್ತವರು ಬಹಳ. ಮಾತು, ನಡಿಗೆ ಕಸಿದದ್ದೂ ವ್ಯವಸ್ಥೆಯೇ, ಮಾತು ಬರದ ಮಗು ಎಂದು ಬರೆದದ್ದೂ ವ್ಯವಸ್ಥೆಯೇ.

ಇದು ತಿಳಿಯದೆ ಆದದ್ದಲ್ಲ. ಆಲಯದಲ್ಲಿ ಬೆಳೆದ ಕೂಸು ಹೇಗೆ ಒಳಗೊಳಗೇ ಬತ್ತುತ್ತದೆ ಎಂದು ರೆನೆ ಸ್ಪಿಟ್ಸ್ 1945ರಲ್ಲೇ ಬರೆದಿದ್ದ. ವಿಶ್ವ ಆರೋಗ್ಯ ಸಂಸ್ಥೆಗಾಗಿ ಜಾನ್ ಬೌಲ್ಬಿ 1951ರಲ್ಲಿ ಅದನ್ನೇ ವರದಿ ಮಾಡಿದ್ದ. ರುಮೇನಿಯಾ ಮಾಡಿದ್ದೇನು? 1969ರಲ್ಲಿ ಸಮಾಜಕಾರ್ಯದ ಶಿಕ್ಷಣವನ್ನು, 1977ರಲ್ಲಿ ವಿಶ್ವವಿದ್ಯಾಲಯಗಳ ಮನಶ್ಶಾಸ್ತ್ರ ವಿಭಾಗಗಳನ್ನು ಮುಚ್ಚಿತು. ಮಕ್ಕಳನ್ನು ತುಂಬುತ್ತಾ ಹೋಯಿತು, ಅವರ ಮನಸ್ಸು ಓದಬಲ್ಲವರನ್ನು ಇಲ್ಲವಾಗಿಸಿತು.

2000ದಲ್ಲಿ ಬುಕಾರೆಸ್ಟಿನಲ್ಲಿ 136 ಮಕ್ಕಳ ಅಧ್ಯಯನ ಶುರುವಾಯಿತು. ಅರ್ಧ ಮಕ್ಕಳನ್ನು ಸಾಕುಮನೆಗಳಿಗೆ ಕಳಿಸಿದರು. ಅವರ ಬುದ್ಧಿ, ನಂಟು, ಮಿದುಳಿನ ಚಟುವಟಿಕೆ ಚೇತರಿಸಿಕೊಂಡವು. ಸುಮಾರು ಎರಡು ವರ್ಷದೊಳಗೆ ಹೋದವರಲ್ಲಿ ಹೆಚ್ಚು. 2004ರ ಕಾನೂನು ಎರಡು ವರ್ಷದೊಳಗಿನ ಕೂಸುಗಳನ್ನು ಆಲಯಕ್ಕೆ ಸೇರಿಸಬಾರದೆಂದಿತು. ಆದರೆ ತೀವ್ರ ಅಂಗವೈಕಲ್ಯವಿದ್ದವರನ್ನು ಹೊರಗಿಟ್ಟಿತು. ಹಳೆಯ ಜರಡಿ ಪೂರಾ ಹೋಗಲಿಲ್ಲ.

ಗೆಳೆಯರೇ, ನಮ್ಮ 2015ರ ಬಾಲನ್ಯಾಯ ಕಾಯ್ದೆಯೂ ಆಲಯ ಕಡೆಯ ದಾರಿಯಾಗಬೇಕು ಅನ್ನುತ್ತದೆ. ಹಾಗಾಗಿ ಬಡವರ ಮಗುವನ್ನು ಬಾಲಮಂದಿರಕ್ಕೆ ಸೇರಿಸುವ ಕಾಗದ ಮುಂದೆ ಬಂದಾಗ ಮೇಷ್ಟ್ರು, ಸಂಘಟನೆಯವರು ಮೊದಲು ಕೇಳಬೇಕು: ಈ ಮನೆಗೆ ಕೂಲಿ, ಪಡಿತರ ಸರಿಯಾಗಿ ಸಿಕ್ಕಿದ್ದರೆ ಮಗು ಇಲ್ಲಿಗೆ ಬರುತ್ತಿತ್ತೆ? ಬಂದೇ ತೀರಬೇಕಾದರೆ, ಅದು ರಾತ್ರಿ ಬೆಚ್ಚಿ ಎದ್ದಾಗ ಹೆಸರು ಹಿಡಿದು ಕರೆಯುವ ಜೀವ ಅಲ್ಲಿ ಯಾರು? ಅನ್ನದ ಲೆಕ್ಕ ಪುಸ್ತಕದಲ್ಲಿರುತ್ತೆ. ಈ ಲೆಕ್ಕವನ್ನು ನಾವೇ ಕೇಳಬೇಕು.